ಹಂಚಿದಷ್ಟೂ ಹೆಚ್ಚುವ ಸಂಪತ್ತು

ಮನುಷ್ಯನು ಗಳಿಸುವ ಸಂಪತ್ತನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಹೊಲ, ಧಾನ್ಯ, ಚಿನ್ನ, ದನಕರುಗಳು ಮೊದಲನೆಯ ಬಗೆಗೆ ಸೇರಿದವು. ಹತ್ತು ಎಕರೆ ಹೊಲವನ್ನು ಅಣ್ಣತಮ್ಮಂದಿರಿಬ್ಬರು ಪಾಲುಮಾಡಿಕೊಂಡರೆ ಒಬ್ಬೊಬ್ಬನಿಗೆ ಐದೇ ಎಕರೆ ಉಳಿಯುತ್ತದೆ. ಕಣಜದಿಂದ ಒಂದು ಪಲ್ಲ ರಾಗಿಯನ್ನು ಅಳೆದುಕೊಟ್ಟರೆ ಕಣಜದಲ್ಲಿ ಅಷ್ಟು ರಾಗಿ ಕಡಮೆಯಾಗುತ್ತದೆ. ಎರಡನೆಯ ಬಗೆಯ ಸಂಪತ್ತು ತಿಳಿವಳಿಕೆ. ನೇಗಿಲ ಗುಳವನ್ನು ಎಷ್ಟು ಹೊತ್ತು ಕಾಯಿಸಿ ಯಾವ ಹದದಲ್ಲಿ ನೀರಿಗೆ ಅದ್ದಬೇಕೆಂಬುದನ್ನು ಒಬ್ಬ ಕಮ್ಮಾರನು ನೆರೆಯೂರಿನ ಕಮ್ಮಾರನಿಗೆ ಹೇಳಿಕೊಟ್ಟನೆಂದು ಭಾವಿಸೋಣ. ಹೇಳಿಕೊಟ್ಟವನ ತಿಳಿವಳಿಕೆ ಎಳ್ಳಷ್ಟೂ ಕುಂದುವುದಿಲ್ಲ. ಕೇಳಿದವನು ಅದನ್ನು ತನ್ನ ಕುಲುಮೆಯಲ್ಲಿ ಪ್ರಯೋಗಿಸಿ, ಮತ್ತೊಂದು ಸುಧಾರಣೆಯನ್ನು ಕಂಡುಕೊಂಡು ಬಂದು ತಿಳಿಸಿದರೆ ಇಬ್ಬರ ತಿಳಿವಳಿಕೆಯೂ ಹೆಚ್ಚುತ್ತದೆ. ವಿದ್ಯೆಯು ಕೊಟ್ಟಷ್ಟೂ ಬೆಳೆಯುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದುದು ಈ ಗುಣವನ್ನು ಕಂಡೇ.

ಆದರೆ ಈ ಮಾತನ್ನು ಒಪ್ಪಿದೊಡನೆ ಒಂದು ಪ್ರಶ್ನೆ ಏಳುತ್ತದೆ. ಹೊಸ ತಿಳಿವಳಿಕೆಯು ಆಕಾಶದಿಂದ ಉದುರುವುದಿಲ್ಲ. ಅದಕ್ಕಾಗಿ ಯಾರೋ ಒಬ್ಬರು ನಿದ್ದೆಗೆಟ್ಟು ದುಡಿದಿರುತ್ತಾರೆ, ಹಣವನ್ನೂ ವೆಚ್ಚಮಾಡಿರುತ್ತಾರೆ. ಕಂಡುಹಿಡಿದುದನ್ನೆಲ್ಲ ಊರಿಗೆ ಹಂಚಿಬಿಟ್ಟರೆ ಆ ಶ್ರಮಕ್ಕೆ ಪ್ರತಿಫಲವನ್ನು ಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿಯೇ ಪೇಟೆಂಟು ಮತ್ತು ಕೃತಿಸ್ವಾಮ್ಯಗಳೆಂಬ ಕಾನೂನುಗಳು ಹುಟ್ಟಿದವು. ಹೊಸದೊಂದು ಯಂತ್ರವನ್ನು ನಿರ್ಮಿಸಿದವನಿಗೆ ಸರಕಾರವು ಕೆಲವು ವರ್ಷಗಳ ಕಾಲ ಅದರ ಮೇಲೆ ಏಕಾಧಿಕಾರವನ್ನು ಕೊಡುತ್ತದೆ. ನಮ್ಮ ದೇಶದಲ್ಲಿ ಪೇಟೆಂಟಿನ ಅವಧಿ 20 ವರ್ಷ. ಆ ಅವಧಿಯಲ್ಲಿ ಇತರರು ಅದನ್ನು ಬಳಸಬೇಕಾದರೆ ಅವನ ಅನುಮತಿಯನ್ನು ಪಡೆದು, ಅವನು ಕೇಳಿದ ಶುಲ್ಕವನ್ನು ತೆರಬೇಕು. ಈ ಏರ್ಪಾಡು ಅನ್ಯಾಯವಾದುದಲ್ಲ. ಆದರೆ ತಿಳಿವಳಿಕೆಯನ್ನು ಬೆಳೆಸುವುದಕ್ಕೆ ಇದೊಂದೇ ದಾರಿಯೆಂದು ತಿಳಿಯುವುದು ಸರಿಯಲ್ಲ. ತಿಳಿದುದನ್ನು ಬಿಚ್ಚಿಟ್ಟು, ಹಂಚಿಕೊಂಡು, ಅದರಿಂದಲೇ ಸಂಪತ್ತನ್ನು ಹೆಚ್ಚಿಸಿಕೊಂಡ ಉದಾಹರಣೆಗಳು ಚರಿತ್ರೆಯಲ್ಲಿ ಇವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಪರಿಶೀಲಿಸೋಣ.

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಪ್ರಾಂತವಿದೆ. ಅಲ್ಲಿ ತವರ ಮತ್ತು ತಾಮ್ರದ ಗಣಿಗಳು ಹೇರಳವಾಗಿದ್ದವು. ಗಣಿಯು ಆಳವಾದಂತೆಲ್ಲ ನೀರು ಒಸರಿ ತುಂಬಿಕೊಳ್ಳುತ್ತಿತ್ತು. ಆ ನೀರನ್ನು ಎತ್ತಿ ಹೊರಚೆಲ್ಲಲು ಉಗಿಯಂತ್ರಗಳು ಬೇಕು. ಉಗಿಯಂತ್ರಗಳಿಗೆ ಕಲ್ಲಿದ್ದಲು ಬೇಕು. ಆದರೆ ಕಾರ್ನ್‌ವಾಲಿನಲ್ಲಿ ಕಲ್ಲಿದ್ದಲು ದೊರೆಯುತ್ತಿರಲಿಲ್ಲ. ಅದನ್ನು ವೇಲ್ಸ್ ಪ್ರಾಂತದಿಂದ ಹಡಗುಗಳಲ್ಲಿ ತರಿಸಬೇಕಾಗಿತ್ತು. ಆದುದರಿಂದ ಇದ್ದಲಿನ ಉಳಿತಾಯವು ಅಲ್ಲಿಯ ಗಣಿಗಳಿಗೆ ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ಜೇಮ್ಸ್ ವಾಟನು ಇದ್ದಲನ್ನು ಬಹುವಾಗಿ ಉಳಿಸುವ ಉಗಿಯಂತ್ರಕ್ಕೆ 1769 ರಲ್ಲಿ ಪೇಟೆಂಟನ್ನು ಪಡೆದನು. 1775 ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅದರ ಅವಧಿಯನ್ನು 1800 ರವರೆಗೆ ವಿಸ್ತರಿಸಿತು. ಹಳೆಯ ಯಂತ್ರದೊಡನೆ ಹೋಲಿಸಿ ನೋಡಿದಾಗ ಉಳಿಯುವ ಇದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಗಣಿಯವರು ವಾಟ್ ಮತ್ತು ಅವನ ಪಾಲುದಾರನಾದ ಬೌಲ್ಟನ್ನನಿಗೆ ಸಲ್ಲಿಸಬೇಕಾಗಿತ್ತು. ಯಂತ್ರವನ್ನು ತಮ್ಮದೇ ರೀತಿಯಲ್ಲಿ ಸುಧಾರಿಸಲು ಹೊರಟ ಕಾರ್ನ್‌ವಾಲಿನ ಕುಶಲಿಗಳು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ವಾಟನ ಪ್ರತಿಭೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕಾಲು ಶತಮಾನದಲ್ಲಿ ಸುಧಾರಣೆಯ ಬಾಗಿಲು ಇತರರ ಪಾಲಿಗೆ ಬಹುಮಟ್ಟಿಗೆ ಮುಚ್ಚಿತ್ತು.

1800 ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಬೌಲ್ಟನ್ ಮತ್ತು ವಾಟರ ಜನರು ಕಾರ್ನ್‌ವಾಲಿನಿಂದ ಹಿಂದಿರುಗಿದರು. ಶುಲ್ಕದ ಹೊರೆ ತಪ್ಪಿತು. ಆದರೆ ಅದರೊಡನೆ ಉಸ್ತುವಾರಿಯೂ ತಪ್ಪಿತು. ಯಂತ್ರಗಳನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವವರಿಲ್ಲದೆ ಅವುಗಳ ಕೆಲಸ ಕೆಟ್ಟಿತು. ಬಾಗಿಲು ತೆರೆದುಕೊಂಡ ಮಾತ್ರಕ್ಕೆ ಸಂಪತ್ತು ತಾನಾಗಿಯೇ ಒಳಬರುವುದಿಲ್ಲವೆಂಬುದನ್ನು ಗಣಿಯವರು ಹೀಗೆ ಅನುಭವದಿಂದ ಅರಿತರು.

ಆಗ ಅವರು ಕೈಗೊಂಡ ಉಪಾಯವು ಸರಳವಾದುದು. 1811 ರಲ್ಲಿ ಜೋಯಲ್ ಲೀನ್ ಎಂಬ ಗಣಿಯ ಮೇಲ್ವಿಚಾರಕನು ಒಂದು ಮಾಸಿಕ ವರದಿಯನ್ನು ಪ್ರಕಟಿಸಲು ಆರಂಭಿಸಿದನು. ಯಾವ ಗಣಿಯ ಯಂತ್ರ, ಅದರ ಉರುಳೆಯ ಅಳತೆ ಎಷ್ಟು, ಅದನ್ನು ನೋಡಿಕೊಳ್ಳುವ ಶಿಲ್ಪಿ ಯಾರು, ಆ ತಿಂಗಳಲ್ಲಿ ಎಷ್ಟು ಇದ್ದಲು ಉರಿಯಿತು, ಎಷ್ಟು ನೀರು ಮೇಲೆ ಬಂದಿತು ಎಂಬ ವಿವರಗಳೆಲ್ಲ ಆ ವರದಿಯಲ್ಲಿ ಬಹಿರಂಗವಾಗಿ ಅಚ್ಚಾಗುತ್ತಿದ್ದವು. ಯಾವನ ಯಂತ್ರವು ಕಡಮೆ ಇದ್ದಲಿನಲ್ಲಿ ಹೆಚ್ಚು ನೀರನ್ನು ಎತ್ತುತ್ತದೆಯೆಂಬುದು ತಿಂಗಳು ತಿಂಗಳೂ ಊರಿಗೆಲ್ಲ ತಿಳಿಯುವಂತಾಯಿತು. ರಿಚರ್ಡ್ ಟ್ರೆವಿಥಿಕ್ ಎಂಬ ಶಿಲ್ಪಿಯು 1812 ರಲ್ಲಿ ವೀಲ್ ಪ್ರಾಸ್ಪರ್ ಎಂಬ ಗಣಿಯಲ್ಲಿ ಹೆಚ್ಚು ಒತ್ತಡದ ಉಗಿಯನ್ನು ಬಳಸುವ ಹೊಸ ಬಗೆಯ ಯಂತ್ರವನ್ನು ನಿಲ್ಲಿಸಿದನು. ಅದಕ್ಕೆ ಅವನು ಪೇಟೆಂಟನ್ನು ಪಡೆಯಲಿಲ್ಲ. ಇತರ ಶಿಲ್ಪಿಗಳು ಅದನ್ನು ನೋಡಿ, ಅನುಕರಿಸಿ, ಒಬ್ಬರ ಮೇಲೊಬ್ಬರು ತಿದ್ದುತ್ತ ಹೋದರು. ಮುಂದಿನ ಮೂವತ್ತು ವರ್ಷಗಳಲ್ಲಿ ಅದೇ ಪ್ರಮಾಣದ ಇದ್ದಲಿನಿಂದ ದೊರೆಯುವ ಕೆಲಸವು ಸರಾಸರಿಯಲ್ಲಿ ಸುಮಾರು ಮೂರು ಪಟ್ಟಾಯಿತು.

ಶಿಲ್ಪಿಗಳು ತಮ್ಮ ಗುಟ್ಟುಗಳನ್ನು ಹೀಗೆ ಬಿಟ್ಟುಕೊಟ್ಟುದೇಕೆ? ಅವರೇನೂ ವಿರಕ್ತರಾಗಿರಲಿಲ್ಲ. ವರದಿಯಲ್ಲಿ ಹೆಸರು ಮೇಲೆ ಬಂದ ಶಿಲ್ಪಿಗೆ ಬೇರೆ ಬೇರೆ ಗಣಿಗಳಿಂದ ಕರೆ ಬರುತ್ತಿತ್ತು. ಗಣಿಗಳಲ್ಲಿ ಹಣ ತೊಡಗಿಸಿದವರಿಗೆ ಒಂದೇ ಗಣಿಯಲ್ಲಿ ಅಲ್ಲದೆ ಹಲವು ಗಣಿಗಳಲ್ಲಿ ಪಾಲು ಇರುತ್ತಿತ್ತು. ಒಂದು ಕಡೆಯ ಸುಧಾರಣೆಯು ಎಲ್ಲ ಕಡೆಗೂ ಹರಡಿದರೆ ಅವರಿಗೆ ಲಾಭವೇ ಆಗುತ್ತಿತ್ತು. ಹಂಚಿಕೊಳ್ಳುವುದು ಇಲ್ಲಿ ದಾನವಾಗಿರಲಿಲ್ಲ. ಅದು ಎಲ್ಲರೂ ಸೇರಿ ಮಾಡುವ ಜಾಣತನದ ಬೇಸಾಯವಾಗಿತ್ತು.

ಉಗಿಯಂತ್ರದ ಕಾಲದಿಂದ ಈಗ ಗಣಕಯಂತ್ರದ ಕಾಲಕ್ಕೆ ಬರೋಣ. ಗಣಕಯಂತ್ರವು ತಾನಾಗಿ ಯಾವ ಕೆಲಸವನ್ನೂ ಮಾಡಲಾರದು. ಹೀಗೆ ಮಾಡು, ಅನಂತರ ಹೀಗೆ ಮಾಡು ಎಂದು ಅದಕ್ಕೆ ಆದೇಶಗಳ ಸರಣಿಯನ್ನು ಬರೆದುಕೊಡಬೇಕು. ಈ ಸರಣಿಗೆ ತಂತ್ರಾಂಶವೆಂದು ಹೆಸರು. ತಂತ್ರಾಂಶವು ಎರಡು ರೂಪಗಳಲ್ಲಿ ಇರುತ್ತದೆ. ಮನುಷ್ಯನು ಓದಿ ತಿಳಿದು ತಿದ್ದಬಹುದಾದ ರೂಪವು ಒಂದು, ಇದನ್ನು ಮೂಲಸಂಕೇತವೆನ್ನುತ್ತಾರೆ. ಯಂತ್ರಕ್ಕೆ ಮಾತ್ರ ಅರ್ಥವಾಗುವ ಸೊನ್ನೆ ಮತ್ತು ಒಂದುಗಳ ಸಾಲು ಇನ್ನೊಂದು. ಎರಡನೆಯದನ್ನು ಮಾತ್ರ ಕೊಟ್ಟು ಮೂಲಸಂಕೇತವನ್ನು ಬಚ್ಚಿಟ್ಟರೆ, ಕೊಂಡವನು ಅದನ್ನು ಬಳಸಬಲ್ಲನೇ ಹೊರತು ಅದರ ಒಳಗನ್ನು ಅರಿಯಲಾರನು, ಕೆಟ್ಟರೆ ದುರಸ್ತಿಮಾಡಲಾರನು.

ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸಮಾಡುತ್ತಿದ್ದರು. ಅಲ್ಲಿ ಬರೆದ ತಂತ್ರಾಂಶವನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವುದು ವಾಡಿಕೆಯಾಗಿತ್ತು. ಪ್ರಯೋಗಾಲಯದ ಮುದ್ರಣಯಂತ್ರದಲ್ಲಿ ಕಾಗದವು ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಹಾಗೆ ಸಿಕ್ಕಿಕೊಂಡ ಕೂಡಲೆ, ಮುದ್ರಣಕ್ಕಾಗಿ ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟುವಂತೆ ಸ್ಟಾಲ್‌ಮನ್ನರು ಅದರ ತಂತ್ರಾಂಶವನ್ನು ತಿದ್ದಿದ್ದರು. ಅನಂತರ 1980 ರ ಸುಮಾರಿಗೆ ಹೊಸದೊಂದು ಮುದ್ರಣಯಂತ್ರವು ಬಂದಿತು. ಅದರಲ್ಲಿಯೂ ಕಾಗದ ಸಿಕ್ಕಿಕೊಳ್ಳುವ ತೊಂದರೆ ಇತ್ತು. ಆದರೆ ಅದರ ಮೂಲಸಂಕೇತವು ಅವರಿಗೆ ದೊರೆಯಲಿಲ್ಲ. ಬೇರೊಂದು ವಿಶ್ವವಿದ್ಯಾನಿಲಯದಲ್ಲಿದ್ದ ಒಬ್ಬರ ಬಳಿ ಅದು ಇದೆಯೆಂದು ತಿಳಿದು, ಅವರನ್ನು ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ತಯಾರಕರಿಗೆ ಮಾತುಕೊಟ್ಟಿರುವುದಾಗಿ ಹೇಳಿ ಅವರು ನಿರಾಕರಿಸಿದರು. ತಾನು ಬಲ್ಲ ರಿಪೇರಿಯನ್ನು ತಾನೇ ಮಾಡಿಕೊಳ್ಳಲು ಅವಕಾಶವಿಲ್ಲದಂತಾದ ಈ ಸಂಗತಿಯು ಸಣ್ಣದಾದರೂ ಸ್ಟಾಲ್‌ಮನ್ನರ ಮನಸ್ಸಿನಲ್ಲಿ ಆಳವಾಗಿ ನಾಟಿತು.

1983 ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಸಾರಿದರು. ಗಣಕಯಂತ್ರವನ್ನು ನಡೆಸಲು ಬೇಕಾದ ಸಮಸ್ತ ತಂತ್ರಾಂಶವನ್ನೂ ಹೊಸದಾಗಿ ಬರೆದು, ಎಲ್ಲರಿಗೂ ಮುಕ್ತವಾಗಿಸುವುದು ಅದರ ಗುರಿ. ಮರುವರ್ಷ ಅವರು ಸಂಸ್ಥೆಯ ಉದ್ಯೋಗವನ್ನೂ ಬಿಟ್ಟರು. ಅವರು ಮುಂದಿಟ್ಟ ಸ್ವಾತಂತ್ರ್ಯಗಳು ನಾಲ್ಕು: ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವುದು, ಅದರ ಮೂಲಸಂಕೇತವನ್ನು ಓದಿ ತಿದ್ದಿಕೊಳ್ಳುವುದು, ಅದರ ಪ್ರತಿಗಳನ್ನು ಇತರರಿಗೆ ಹಂಚುವುದು, ತಿದ್ದಿದ ಪ್ರತಿಗಳನ್ನೂ ಹಾಗೆಯೇ ಹಂಚುವುದು. 1989 ರಲ್ಲಿ ಅವರು ಒಂದು ಪರವಾನಗಿಯನ್ನು ರಚಿಸಿದರು. ಮುಕ್ತವಾಗಿ ಪಡೆದ ತಂತ್ರಾಂಶವನ್ನು ತಿದ್ದಿ ಹಂಚುವವನು ತನ್ನ ತಿದ್ದುಪಡಿಯ ಮೂಲಸಂಕೇತವನ್ನೂ ಅದೇ ನಿಯಮಕ್ಕೆ ಒಳಪಟ್ಟು ಕೊಡಬೇಕೆಂಬುದು ಅದರ ತಿರುಳು. ಕೃತಿಸ್ವಾಮ್ಯದ ಕಾನೂನನ್ನು ಬಚ್ಚಿಡುವುದಕ್ಕೆ ಬದಲಾಗಿ ಹಂಚುವುದಕ್ಕೆ ಬಳಸಿಕೊಂಡುದು ಇದರ ವಿಶೇಷ.

ಇಲ್ಲಿ ಮುಕ್ತ ಎಂದರೆ ಬಿಟ್ಟಿ ಎಂದು ಅರ್ಥವಲ್ಲ. ಸ್ಟಾಲ್‌ಮನ್ನರೇ ತಾವು ಬರೆದ ಈಮ್ಯಾಕ್ಸ್ ಎಂಬ ತಂತ್ರಾಂಶವನ್ನು ಟೇಪಿನಲ್ಲಿ ತುಂಬಿ 150 ಡಾಲರುಗಳಿಗೆ ಮಾರುತ್ತಿದ್ದರು. ಕೊಂಡವನು ಅದನ್ನು ಇತರರಿಗೆ ಕೊಡಬಾರದೆಂಬ ಕಟ್ಟು ಮಾತ್ರ ಇರಲಿಲ್ಲ. ಮುಂದೆ 1998 ರಲ್ಲಿ ಇಂತಹ ತಂತ್ರಾಂಶಗಳಿಗೆ ಓಪನ್ ಸೋರ್ಸ್, ಎಂದರೆ ಮುಕ್ತ ಆಕರ, ಎಂಬ ಹೆಸರೂ ಬಳಕೆಗೆ ಬಂದಿತು.

1991 ರ ಹೊತ್ತಿಗೆ ಗ್ನೂ ಯೋಜನೆಯ ಬಹುಭಾಗ ಸಿದ್ಧವಾಗಿತ್ತು. ಆದರೆ ಯಂತ್ರದ ಭಾಗಗಳನ್ನೆಲ್ಲ ನೇರವಾಗಿ ಆಳುವ ತಿರುಳು ಮಾತ್ರ ಪೂರ್ಣವಾಗಿರಲಿಲ್ಲ. ಆ ವರ್ಷದ ಆಗಸ್ಟ್ 25 ರಂದು ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಎಂಬವರು ತಾವು ಹವ್ಯಾಸಕ್ಕಾಗಿ ಅಂತಹುದೊಂದನ್ನು ಬರೆಯುತ್ತಿರುವುದಾಗಿ ಇತರರಿಗೆ ತಿಳಿಸಿ, ಸಲಹೆಗಳನ್ನು ಕೇಳಿದರು. ಆಗ ಅವರಿಗೆ 21 ವರ್ಷ. ಅದು ದೊಡ್ಡ ಕೆಲಸವಾಗಬಹುದೆಂಬ ಭಾವನೆ ಅವರಿಗೇ ಇರಲಿಲ್ಲ. ಮೊದಲ ಆವೃತ್ತಿಯಲ್ಲಿ ಇದ್ದುದು ಸುಮಾರು ಹತ್ತು ಸಾವಿರ ಸಾಲುಗಳು. 1992 ರಲ್ಲಿ ಅವರು ಅದನ್ನು ಸ್ಟಾಲ್‌ಮನ್ನರ ಪರವಾನಗಿಗೆ ಒಳಪಡಿಸಿದರು. ಹಲವು ದೇಶಗಳ ಜನರು ದೋಷಗಳನ್ನು ತೋರಿಸಿದರು. ತೋರಿಸಿದವರಲ್ಲಿ ಅನೇಕರು ತಿದ್ದಿಯೂ ಕಳುಹಿಸಿದರು. ಲಿನಕ್ಸ್ ಎಂದು ಹೆಸರಾದ ಆ ತಂತ್ರಾಂಶದಲ್ಲಿ ಇಂದು ಮೂರು ಕೋಟಿಗೂ ಮಿಕ್ಕ ಸಾಲುಗಳಿವೆ. ಜಗತ್ತಿನ ಅತ್ಯಂತ ಶಕ್ತಿಯುತವಾದ 500 ಗಣಕಯಂತ್ರಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸನ್ನು ಬಳಸುವ ಸ್ಥಿತಿಯು 2017 ರ ನವೆಂಬರಿನಲ್ಲಿ ಬಂದಿತು. 2008 ರಲ್ಲಿ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ದೂರವಾಣಿಗಳ ತಿರುಳೂ ಅದೇ. ಹೀಗೆ ನಮ್ಮ ಹಳ್ಳಿಯ ರೈತನ ಕಿಸೆಯಲ್ಲಿರುವ ದೂರವಾಣಿಯಲ್ಲಿಯೂ ಸಾವಿರಾರು ಅಪರಿಚಿತರ ದುಡಿಮೆ ಅಡಗಿದೆ.

ಈ ದುಡಿಮೆಗೆ ಪ್ರತಿಫಲ ಕೊಟ್ಟವರು ಯಾರು ಎಂಬ ಮೊದಲಿನ ಪ್ರಶ್ನೆಯನ್ನು ಈಗ ಮತ್ತೆ ಕೇಳಬಹುದು. ಪ್ರಾರಂಭದಲ್ಲಿ ಅನೇಕರು ಸಂತೋಷಕ್ಕಾಗಿ, ಕಲಿಯುವ ಆಸೆಗಾಗಿ ದುಡಿದರು. ಆದರೆ ಈಗ ಲಿನಕ್ಸಿಗೆ ತಿದ್ದುಪಡಿಗಳನ್ನು ಬರೆಯುವವರಲ್ಲಿ ಬಹುಪಾಲಿನವರು ಯಾವುದಾದರೊಂದು ಕಂಪನಿಯ ಸಂಬಳವನ್ನು ಪಡೆಯುವವರು. ಐ.ಬಿ.ಎಂ. ಕಂಪನಿಯು 2001 ರಲ್ಲಿ ಲಿನಕ್ಸಿಗಾಗಿ ನೂರು ಕೋಟಿ ಡಾಲರುಗಳನ್ನು ವೆಚ್ಚಮಾಡುವುದಾಗಿ ಪ್ರಕಟಿಸಿತು. ಲಿನಕ್ಸನ್ನು ಅಳವಡಿಸಿ ನೋಡಿಕೊಳ್ಳುವ ಸೇವೆಯಿಂದಲೇ ಬೆಳೆದ ರೆಡ್ ಹ್ಯಾಟ್ ಎಂಬ ಕಂಪನಿಯನ್ನು ಅದೇ ಐ.ಬಿ.ಎಂ. 2019 ರಲ್ಲಿ 3,400 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಕಾರ್ನ್‌ವಾಲಿನ ಗಣಿಗಳ ಪಾಲುದಾರರಂತೆ ಈ ಕಂಪನಿಗಳೂ ಲೆಕ್ಕಹಾಕಿಯೇ ಹಂಚಿಕೊಳ್ಳಲು ಮುಂದಾದವು. ಎಲ್ಲರಿಗೂ ಬೇಕಾದ ತಳಹದಿಯನ್ನು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಕಟ್ಟುವುದಕ್ಕಿಂತ ಒಟ್ಟಾಗಿ ಕಟ್ಟಿಕೊಂಡು, ಅದರ ಮೇಲೆ ತಮ್ಮ ತಮ್ಮ ಮನೆಗಳನ್ನು ಏರಿಸುವುದು ಅಗ್ಗವೆಂದು ಅವು ಕಂಡುಕೊಂಡವು.

ಬಾಗಿಲು ತೆರೆದಿಡುವುದರಿಂದ ಏನಾಗುತ್ತದೆ, ಅರ್ಧ ಮುಚ್ಚುವುದರಿಂದ ಏನಾಗುತ್ತದೆ ಎಂಬುದಕ್ಕೆ ಅಂತರಜಾಲದ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. 1990 ರ ದಶಕದ ಆರಂಭದಲ್ಲಿ ದೂರದ ಗಣಕಯಂತ್ರಗಳಲ್ಲಿರುವ ಬರಹಗಳನ್ನು ಹುಡುಕಿ ಓದಲು ಎರಡು ವ್ಯವಸ್ಥೆಗಳು ಬಳಕೆಯಲ್ಲಿದ್ದವು. ಒಂದು, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಗೋಫರ್. ಇನ್ನೊಂದು, ಜಿನೀವಾ ಬಳಿಯ ಸೆರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್ ಲೀ ಅವರು 1989 ರಲ್ಲಿ ಸೂಚಿಸಿದ ವಿಶ್ವವ್ಯಾಪಿ ಜಾಲ. ಆಗ ಹೆಚ್ಚು ಜನಪ್ರಿಯವಾಗಿದ್ದುದು ಗೋಫರ್. 1993 ರಲ್ಲಿ ಮಿನೆಸೋಟದವರು ಗೋಫರ್ ತಂತ್ರಾಂಶದ ಕೆಲವು ಬಳಕೆಗಳಿಗೆ ಶುಲ್ಕ ವಿಧಿಸುವುದಾಗಿ ಪ್ರಕಟಿಸಿದರು. ಅದೇ ವರ್ಷದ ಏಪ್ರಿಲ್ 30 ರಂದು ಸೆರ್ನ್ ಸಂಸ್ಥೆಯು ಜಾಲದ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಿಕೊಳ್ಳಬಹುದೆಂದು ಸಾರಿತು. ಜನರು ಜಾಲದ ಕಡೆಗೆ ತಿರುಗಿದರು. ಚಿತ್ರಗಳನ್ನೂ ತೋರಿಸಬಲ್ಲ ಸೌಕರ್ಯವೇ ಮೊದಲಾದ ಬೇರೆ ಕಾರಣಗಳೂ ಇದ್ದವು. ಆದರೆ ನಾಳೆ ಶುಲ್ಕ ಬಂದೀತೆಂಬ ಅಂಜಿಕೆಯಿಲ್ಲದೆ ಕಟ್ಟಬಹುದೆಂಬ ಭರವಸೆಯು ಮುಖ್ಯವಾದ ಕಾರಣಗಳಲ್ಲಿ ಒಂದು. ಸೆರ್ನ್ ಸಂಸ್ಥೆಯು ಬಿಟ್ಟುಕೊಟ್ಟ ಶುಲ್ಕದೊಡನೆ ಹೋಲಿಸಿದರೆ, ಆ ಜಾಲದ ಮೇಲೆ ಜಗತ್ತು ಬೆಳೆಸಿದ ವ್ಯಾಪಾರ, ಶಿಕ್ಷಣ, ಸಂಪರ್ಕಗಳ ಸಂಪತ್ತು ಎಣಿಕೆಗೆ ಮೀರಿದುದು.

ಹೀಗೆ ಎಣಿಕೆಗೆ ಮೀರಿದುದನ್ನು ಎಣಿಸುವ ಪ್ರಯತ್ನವೂ ನಡೆದಿದೆ. ಹಾರ್ವರ್ಡ್ ವ್ಯವಹಾರ ಶಾಲೆಯಿಂದ 2024 ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವ್ಯಾಪಕವಾಗಿ ಬಳಕೆಯಲ್ಲಿರುವ ಮುಕ್ತ ತಂತ್ರಾಂಶವನ್ನು ಒಮ್ಮೆ ಹೊಸದಾಗಿ ಬರೆಯಲು ತಗಲುವ ವೆಚ್ಚ ಸುಮಾರು 415 ಕೋಟಿ ಡಾಲರು. ಆದರೆ ಅದನ್ನು ಬಳಸುವ ಪ್ರತಿಯೊಂದು ಸಂಸ್ಥೆಯೂ ತನ್ನ ಪಾಲಿಗೆ ತಾನೇ ಬರೆಸಿಕೊಳ್ಳಬೇಕಾಗಿ ಬಂದರೆ ಒಟ್ಟು ವೆಚ್ಚವು 8.8 ಲಕ್ಷ ಕೋಟಿ ಡಾಲರುಗಳಾಗುತ್ತದೆ. ಈ ಅಂಕಿಗಳು ಅಂದಾಜಿನವೇ ಆದರೂ ಇವೆರಡರ ನಡುವಣ ಅಂತರವು ಹಂಚಿಕೆಯ ಅರ್ಥಶಾಸ್ತ್ರವನ್ನು ಚೆನ್ನಾಗಿ ತಿಳಿಸುತ್ತದೆ. ಸಮೃದ್ಧಿಯೆಂದರೆ ಇಲ್ಲಿ ಕೈಗೆ ಬಂದ ಹಣವಲ್ಲ. ಮಾಡಿದ ಕೆಲಸವನ್ನೇ ಸಾವಿರ ಸಲ ಮಾಡುವ ವ್ಯರ್ಥಶ್ರಮವು ತಪ್ಪಿ, ಆ ಶ್ರಮವು ಹೊಸ ಕೆಲಸಕ್ಕೆ ಒದಗುವುದೇ ಸಮೃದ್ಧಿ.

ಇದರಿಂದ ಹೆಚ್ಚು ಪ್ರಯೋಜನವಾಗುವುದು ಬಂಡವಾಳ ಕಡಮೆಯಿರುವವರಿಗೆ. ಶ್ರೀಮಂತನು ಶುಲ್ಕ ತೆತ್ತಾದರೂ ಮುಂದುವರಿಯಬಲ್ಲನು. ಬಡವನಿಗೆ ತೆರೆದ ಬಾಗಿಲೇ ಆಧಾರ. ಕೇರಳ ರಾಜ್ಯದ ಸರಕಾರಿ ಶಾಲೆಗಳು ಗಣಕಶಿಕ್ಷಣಕ್ಕೆ ಮುಕ್ತ ತಂತ್ರಾಂಶವನ್ನು ಅಳವಡಿಸಿಕೊಂಡು, ಅದನ್ನು ಮಲಯಾಳದ ಪಾಠಗಳಿಗೆ ತಕ್ಕಂತೆ ಮಾರ್ಪಡಿಸಿಕೊಂಡಿವೆ. ಹಂಚಿಕೆಯ ಪದ್ಧತಿಯು ಈಗ ಯಂತ್ರದ ವಿನ್ಯಾಸಕ್ಕೂ ಹಬ್ಬುತ್ತಿದೆ. 2010 ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಗಣಕಯಂತ್ರದ ಸಂಸ್ಕಾರಕಗಳಿಗಾಗಿ ರಿಸ್ಕ್-ಫೈವ್ ಎಂಬ ಮುಕ್ತವಾದ ನಿಯಮಾವಳಿಯು ರೂಪುಗೊಂಡಿತು. ಅದನ್ನು ಆಧಾರವಾಗಿಟ್ಟುಕೊಂಡು ಮದ್ರಾಸಿನ ಭಾರತೀಯ ತಾಂತ್ರಿಕ ಸಂಸ್ಥೆಯವರು ‘ಶಕ್ತಿ’ ಎಂಬ ಸಂಸ್ಕಾರಕಗಳನ್ನು ರಚಿಸಿದ್ದಾರೆ.

ಕನ್ನಡದ ಮಟ್ಟಿಗೂ ಈ ಮಾತು ಸತ್ಯ. ಗಣಕಯಂತ್ರದ ಕೀಲಿಮಣೆಯಲ್ಲಿ ಇರುವುದು 26 ಇಂಗ್ಲಿಷ್ ಅಕ್ಷರಗಳು. ಅಷ್ಟರಲ್ಲಿಯೇ ಕನ್ನಡದ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಹೊಂದಿಸುವುದು ಹೇಗೆ? ಕೆ. ಪಿ. ರಾವ್ ಅವರು ಉಚ್ಚಾರಣೆಗೆ ಅನುಗುಣವಾಗಿ ಅಕ್ಷರಗಳನ್ನು ಜೋಡಿಸಿ, ವ್ಯಂಜನದ ಮುಂದೆ ಸ್ವರದ ಕೀಲಿಯನ್ನು ಒತ್ತಿದರೆ ಕಾಗುಣಿತವು ಮೂಡುವಂತೆಯೂ, ನಡುವೆ ಒಂದು ಕೊಂಡಿಯ ಕೀಲಿಯನ್ನು ಒತ್ತಿದರೆ ಒತ್ತಕ್ಷರವು ಬರುವಂತೆಯೂ ಒಂದು ವಿನ್ಯಾಸವನ್ನು ರೂಪಿಸಿದರು. ಅದನ್ನು ತಮ್ಮ ಸ್ವಂತ ಆಸ್ತಿಯಾಗಿ ಕಟ್ಟಿಡದೆ ಕನ್ನಡಿಗರಿಗೆಲ್ಲ ಬಿಟ್ಟುಕೊಟ್ಟರು. ಕರ್ನಾಟಕ ಸರಕಾರವು ಅಂಗೀಕರಿಸಿದ ಕೀಲಿಮಣೆಗೆ ಅದೇ ಆಧಾರವಾಯಿತು. ಒಂದು ಊರಿನಲ್ಲಿ ಬೆರಳಚ್ಚನ್ನು ಕಲಿತವನು ಇನ್ನೊಂದು ಊರಿನ ಕಚೇರಿಯಲ್ಲಿ ಅದನ್ನೇ ಬಳಸಿ ಉದ್ಯೋಗಮಾಡುವಂತಾದುದು ಇದರಿಂದ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರವಿನ್ಯಾಸಗಳು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. 2003 ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಓದುಗರೇ ಬರೆದು ಬೆಳೆಸುತ್ತಿದ್ದಾರೆ. 2014 ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಮುಕ್ತ ಪರವಾನಗಿಗೆ ಒಳಪಡಿಸಿತು. ಗ್ರಂಥಾಲಯದ ಕಪಾಟಿನಲ್ಲಿದ್ದ ವಿದ್ವಾಂಸರ ದುಡಿಮೆಯು ಹೀಗೆ ಹಳ್ಳಿಯ ವಿದ್ಯಾರ್ಥಿಯ ಕೈಗೂ ಎಟುಕುವಂತಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಹಂಚಿಕೆಗಿರುವ ಅಪಾಯವನ್ನೂ ಹೇಳದಿದ್ದರೆ ವಿಷಯವು ಪೂರ್ಣವಾಗದು. ನಮ್ಮ ಹಳ್ಳಿಗಳಲ್ಲಿ ಕೆರೆಯು ಊರಿಗೆಲ್ಲ ಸೇರಿದುದು. ಅದರ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡಲು ನೀರುಗಂಟಿಯೊಬ್ಬನಿರುತ್ತಿದ್ದನು. ಬೇಸಗೆಯಲ್ಲಿ ಊರವರು ಸೇರಿ ಹೂಳನ್ನು ತೆಗೆಯುತ್ತಿದ್ದರು. ನೀರು ಎಲ್ಲರದು, ಏರಿಯ ರಿಪೇರಿ ಮಾತ್ರ ಯಾರದೂ ಅಲ್ಲ ಎಂದಾದ ಊರುಗಳಲ್ಲಿ ಕೆರೆಗಳು ಹೂತುಹೋದವು. ಮುಕ್ತ ತಂತ್ರಾಂಶಕ್ಕೂ ಇದೇ ಗತಿ ಬರಬಹುದು. ಬ್ಯಾಂಕು, ಅಂಗಡಿ, ಕಚೇರಿಗಳ ಗುಟ್ಟಿನ ಮಾಹಿತಿಯು ಅಂತರಜಾಲದಲ್ಲಿ ಸುರಕ್ಷಿತವಾಗಿ ಸಾಗಲು ನೆರವಾಗುವ ಓಪನ್ ಎಸ್.ಎಸ್.ಎಲ್. ಎಂಬ ಮುಕ್ತ ತಂತ್ರಾಂಶವನ್ನು ಲಕ್ಷಾಂತರ ಸಂಸ್ಥೆಗಳು ಬಳಸುತ್ತಿದ್ದವು. ಅದನ್ನು ಪೂರ್ಣಕಾಲ ನೋಡಿಕೊಳ್ಳಲು ಇದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು ಎರಡು ಸಾವಿರ ಡಾಲರು. 2012 ರಲ್ಲಿ ಅದರೊಳಗೆ ನುಸುಳಿದ ಒಂದು ದೋಷವು ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2014 ರ ಏಪ್ರಿಲಿನಲ್ಲಿ ಅದು ಬಯಲಾದಾಗ ಸುಮಾರು ಐದು ಲಕ್ಷ ಜಾಲತಾಣಗಳು ಅಪಾಯದಲ್ಲಿದ್ದುದು ತಿಳಿದುಬಂದಿತು. ಅದುವರೆಗೆ ಬಿಟ್ಟಿಯಾಗಿ ಬಳಸುತ್ತಿದ್ದ ದೊಡ್ಡ ಕಂಪನಿಗಳು ಆಗ ಎಚ್ಚೆತ್ತು, ಇಂತಹ ತಂತ್ರಾಂಶಗಳ ಪಾಲನೆಗಾಗಿ ಒಂದು ನಿಧಿಯನ್ನು ಕೂಡಿಸಿದವು.

ಇನ್ನೊಂದು ಘಟನೆಯು 2024 ರ ಮಾರ್ಚಿನಲ್ಲಿ ನಡೆಯಿತು. ಎಕ್ಸ್‌ಝೆಡ್ ಎಂಬ ತಂತ್ರಾಂಶವನ್ನು ಒಬ್ಬರೇ ಸ್ವಯಂಸೇವಕರು ಬಹುಕಾಲದಿಂದ ನೋಡಿಕೊಳ್ಳುತ್ತಿದ್ದರು. ಸಹಾಯಕನಂತೆ ಬಂದು, ಎರಡು ವರ್ಷಗಳ ಕಾಲ ಅವರ ವಿಶ್ವಾಸವನ್ನು ಗಳಿಸಿದ ಅಜ್ಞಾತನೊಬ್ಬನು ಅದರೊಳಗೆ ಕಳ್ಳಬಾಗಿಲನ್ನು ಇರಿಸಿದನು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ತಮ್ಮ ಯಂತ್ರದ ಒಂದು ಕೆಲಸವು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿದರು. ಬೇರೆಯವರು ಕಡೆಗಣಿಸಬಹುದಾಗಿದ್ದ ಆ ವಿಳಂಬದ ಬೆನ್ನುಹತ್ತಿ ಹೋಗಿ ಅವರು ಕಳ್ಳಬಾಗಿಲನ್ನು ಕಂಡುಹಿಡಿದು ಜಗತ್ತಿಗೆ ತಿಳಿಸಿದರು. ದೊಡ್ಡ ಅನಾಹುತವೊಂದು ತಪ್ಪಿತು. ಒಬ್ಬನ ಮೇಲೆಯೇ ಹೊರೆಯನ್ನು ಬಿಡುವುದು ಎಷ್ಟು ಅಪಾಯಕರವೆಂಬುದನ್ನು ಈ ಘಟನೆಯು ತೋರಿಸುತ್ತದೆ. ತೆರೆದಿಟ್ಟ ವಸ್ತುವನ್ನು ಯಾರು ಬೇಕಾದರೂ ಪರೀಕ್ಷಿಸಬಹುದೆಂಬುದರ ಬೆಲೆಯನ್ನೂ ತೋರಿಸುತ್ತದೆ.

ಹಂಚಿಕೆಯಿಂದ ಎಲ್ಲ ಕೊರತೆಗಳೂ ನೀಗುವುವೆಂದು ಭಾವಿಸಬಾರದು. ತಂತ್ರಾಂಶದ ಪ್ರತಿಗಳನ್ನು ಎಷ್ಟು ಬೇಕಾದರೂ ಮಾಡಬಹುದು. ಅಕ್ಕಿಯ ಪ್ರತಿಯನ್ನು ಮಾಡಲಾಗದು. ಗಣಕಯಂತ್ರಕ್ಕೆ ಲೋಹ ಬೇಕು, ವಿದ್ಯುತ್ತು ಬೇಕು, ಬಳಸುವವನಿಗೆ ವಿದ್ಯೆ ಬೇಕು. ಮೂಲಸಂಕೇತವು ತೆರೆದಿದ್ದರೂ ಓದಲು ಬಾರದವನಿಗೆ ಅದು ಮುಚ್ಚಿದ ಪುಸ್ತಕವೇ. ಆದುದರಿಂದ ತೆರೆದಿಡುವ ಕೆಲಸದೊಡನೆ ಕಲಿಸುವ ಕೆಲಸವೂ ನಡೆಯಬೇಕು.

ಕಾರ್ನ್‌ವಾಲಿನ ಮಾಸಿಕ ವರದಿಯು 1904 ರವರೆಗೆ, ಎಂದರೆ ತೊಂಬತ್ತಕ್ಕೂ ಹೆಚ್ಚು ವರ್ಷ, ನಡೆದುಬಂದಿತು. ಜೋಯಲ್ ಲೀನನು ವರದಿಯನ್ನು ಆರಂಭಿಸಿದ ಮರುವರ್ಷವೇ ತೀರಿಕೊಂಡನು. ಅವನ ಮಕ್ಕಳು ಅದನ್ನು ಮುಂದುವರಿಸಿದರು. ಯಂತ್ರವನ್ನು ಕಂಡುಹಿಡಿದವರ ಹೆಸರುಗಳ ನಡುವೆ, ತಿಂಗಳು ತಿಂಗಳೂ ಗಣಿಯಿಂದ ಗಣಿಗೆ ಹೋಗಿ ಅಂಕಿಗಳನ್ನು ಬರೆದುಕೊಂಡು ಬರುತ್ತಿದ್ದವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಆದರೂ ಆ ನಿಷ್ಠೆಯ ಕೆಲಸವಿಲ್ಲದಿದ್ದರೆ ಒಬ್ಬನ ಜಾಣತನವು ಎಲ್ಲರ ಸಂಪತ್ತಾಗುತ್ತಿರಲಿಲ್ಲ. ತಿಳಿವಳಿಕೆಯನ್ನು ಹಂಚಿಕೊಳ್ಳುವ ಸಮಾಜವು ಅದನ್ನು ಕಾಯುವವರನ್ನೂ ಗೌರವಿಸಬೇಕು. ಪಡೆದವನು ತನ್ನಿಂದಾದಷ್ಟನ್ನು ಹಿಂದಿರುಗಿಸಬೇಕು: ತಿದ್ದಲು ಬಲ್ಲವನು ತಿದ್ದಬೇಕು, ಹಣವುಳ್ಳವನು ಹಣವನ್ನು ಕೊಡಬೇಕು, ಬರೆಯಬಲ್ಲವನು ತನ್ನ ನುಡಿಯಲ್ಲಿ ಬರೆದು ತಿಳಿಸಬೇಕು. ಹನಿಗೂಡಿದರೆ ಹಳ್ಳವೆಂಬ ಗಾದೆಯು ನೀರಿಗೆ ಹೇಗೋ ವಿದ್ಯೆಗೂ ಹಾಗೆಯೇ ಸಲ್ಲುತ್ತದೆ.

ಪದಗಳ ಅರ್ಥ

ಗುಳ — ನೇಗಿಲಿನ ತುದಿಯ ಕಬ್ಬಿಣ
ಕುಲುಮೆ — ಕಮ್ಮಾರನ ಒಲೆ
ಪಲ್ಲ — ಧಾನ್ಯದ ಒಂದು ಅಳತೆ
ಏಕಾಧಿಕಾರ — ಒಬ್ಬನಿಗೇ ಇರುವ ಹಕ್ಕು
ಒಸರು — ಜಿನುಗು
ಉಸ್ತುವಾರಿ — ಮೇಲ್ವಿಚಾರಣೆ
ವಿರಕ್ತ — ಆಸೆಯನ್ನು ತೊರೆದವನು
ಸಂಸ್ಕಾರಕ — ಗಣಕಯಂತ್ರದಲ್ಲಿ ಲೆಕ್ಕದ ಕೆಲಸವನ್ನು ನಡೆಸುವ ಭಾಗ
ನೀರುಗಂಟಿ — ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವನು
ಏರಿ — ಕೆರೆಯ ಕಟ್ಟೆ

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕಾರ್ನ್‌ವಾಲಿನ ಗಣಿಗಳಿಗೆ ಇದ್ದಲಿನ ಉಳಿತಾಯವು ಏಕೆ ಮುಖ್ಯವಾಗಿತ್ತು?
2. ಮೂಲಸಂಕೇತವೆಂದರೇನು?
3. ಸೆರ್ನ್ ಸಂಸ್ಥೆಯು 1993 ರ ಏಪ್ರಿಲ್ 30 ರಂದು ಏನನ್ನು ಸಾರಿತು?
4. ಕೆ. ಪಿ. ರಾವ್ ಅವರ ಕೀಲಿಮಣೆಯಲ್ಲಿ ಕಾಗುಣಿತವು ಮೂಡುವುದು ಹೇಗೆ?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. 1800 ರ ಅನಂತರ ಶುಲ್ಕದ ಹೊರೆ ತಪ್ಪಿದರೂ ಯಂತ್ರಗಳ ಕೆಲಸ ಕೆಟ್ಟುದೇಕೆ? ಅದಕ್ಕೆ ಗಣಿಯವರು ಕಂಡುಕೊಂಡ ಪರಿಹಾರವೇನು?
2. ಸ್ಟಾಲ್‌ಮನ್ನರು ಮುಂದಿಟ್ಟ ನಾಲ್ಕು ಸ್ವಾತಂತ್ರ್ಯಗಳನ್ನು ವಿವರಿಸಿರಿ.
3. ಊರ ಕೆರೆಗೂ ಮುಕ್ತ ತಂತ್ರಾಂಶಕ್ಕೂ ಇರುವ ಹೋಲಿಕೆಯನ್ನು ತಿಳಿಸಿರಿ.

ಇ. ಸಂದರ್ಭದೊಡನೆ ವಿವರಿಸಿರಿ.
1. “ಇಲ್ಲಿ ಮುಕ್ತ ಎಂದರೆ ಬಿಟ್ಟಿ ಎಂದು ಅರ್ಥವಲ್ಲ.”
2. “ಹಂಚಿಕೊಳ್ಳುವುದು ಇಲ್ಲಿ ದಾನವಾಗಿರಲಿಲ್ಲ.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಏಕಾಧಿಕಾರ, ಗ್ರಂಥಾಲಯ, ಹನಿಗೂಡು, ಮೇಲೊಬ್ಬರು

ಉ. ನಿಮ್ಮ ಊರಿನಲ್ಲಿ ಎಲ್ಲರೂ ಸೇರಿ ಕಾಪಾಡಿಕೊಂಡು ಬಂದಿರುವ ಒಂದು ಸಾರ್ವಜನಿಕ ವಸ್ತುವನ್ನು ಕುರಿತು ಹಿರಿಯರನ್ನು ಕೇಳಿ ತಿಳಿದು ಒಂದು ಪ್ರಬಂಧವನ್ನು ಬರೆಯಿರಿ.